ಚಿಕ್ಕೋಡಿಯ ಮಗ, ದೇಹೂವಿನ ಸಂತ: ನಟ ವಿಷ್ಣುಪಂತ ಪಾಗನೀಸ



ನಮ್ಮ ಈ ಚಿಕ್ಕೋಡಿ ಭಾಗದ ಎಷ್ಟೋ ಮನೆಗಳ ದೇವರ ಜಗಲಿಯ ಮೇಲೆ, ವಿಠ್ಠಲ ಮಂದಿರಗಳ ಗೋಡೆಯ ಮೇಲೆ ಸಂತ ತುಕಾರಾಮನ ಪಟ ಇರುತ್ತದೆ. ಹಣೆಯ ಮೇಲೆ ಗಂಧ, ಕೊರಳಲ್ಲಿ ತುಳಸಿಮಾಲೆ, ಅರ್ಧ ಮುಚ್ಚಿದ ಕಣ್ಣು. ತುಕಾರಾಮ ಇದ್ದದ್ದು 17ನೆಯ ಶತಮಾನದಲ್ಲಿ. ಆಗ ಫೋಟೋ ತೆಗೆಯುವವರು ಇರಲಿಲ್ಲ. 1936ರ ನಂತರ ಜನ ಪೂಜೆಗೆ ಇಟ್ಟುಕೊಂಡ ಎಷ್ಟೋ ತುಕಾರಾಮ ಪಟಗಳಲ್ಲಿರುವುದು ಒಬ್ಬ ನಟನ ಮುಖ. ಅವನ ಹೆಸರು ವಿಷ್ಣುಪಂತ ಪಾಗನೀಸ. ಹುಟ್ಟಿದ್ದು 1892ರಲ್ಲಿ, ಇದೇ ಚಿಕ್ಕೋಡಿಯಲ್ಲಿ.

ಪುಣೆಯ ಪ್ರಭಾತ ಫಿಲ್ಮ್ ಕಂಪನಿಯ 1936ರ ‘ಸಂತ ತುಕಾರಾಮ’ ಭಾರತೀಯ ಸಿನಿಮಾದ ಚರಿತ್ರೆ ಬರೆದವರು ಯಾರೂ ಬಿಟ್ಟು ಮುಂದೆ ಹೋಗದ ಚಿತ್ರ. ಅದರ ನಾಯಕ ನಟನನ್ನು ಮಾತ್ರ ಅವನು ಹುಟ್ಟಿದ ಊರೇ ಮರೆತಂತಿದೆ. ಮರಾಠಿಯವರಿಗೆ ಆತ ಮರಾಠಿ ನಟ, ಹಾಗಾಗಿ ಚಿಕ್ಕೋಡಿಯ ನೆನಪು ಅವರಿಗೆ ಬೇಕಾಗಲಿಲ್ಲ. ಕನ್ನಡ ರಂಗಭೂಮಿಯ ಪುಸ್ತಕಗಳಿಗೆ ಆತ ಕನ್ನಡ ನಾಟಕದವನಲ್ಲ, ಹಾಗಾಗಿ ಇಲ್ಲಿಯೂ ಹೆಸರು ಬರಲಿಲ್ಲ. ಗಡಿಯಲ್ಲಿ ಹುಟ್ಟಿದ ಕಲಾವಿದರಿಗೆ ಹೀಗೆ ಎರಡೂ ಕಡೆ ಬಾಗಿಲು ಅರ್ಧ ಮುಚ್ಚಿರುತ್ತದೆ. ಈ ಉಪನ್ಯಾಸ ಹೇಳಬೇಕೆಂದಿರುವುದು ಒಂದೇ ಮಾತು: ಇಡೀ ಜಗತ್ತು ಮೆಚ್ಚಿದ ಆ ತುಕಾರಾಮನನ್ನು ತಯಾರು ಮಾಡಿದ್ದು ಸಿನಿಮಾ ಸ್ಟುಡಿಯೋ ಮಾತ್ರವಲ್ಲ, ಅದಕ್ಕೂ ಮೊದಲು ಕಂಪನಿ ನಾಟಕಗಳಲ್ಲಿ ಸೀರೆ ಉಟ್ಟು ಹೆಣ್ಣುಪಾತ್ರ ಮಾಡಿದ ವರ್ಷಗಳು. ಆ ಕಂಪನಿ ನಾಟಕವನ್ನು ಬೆಳೆಸಿದ್ದು ಕನ್ನಡ, ಮರಾಠಿ ಎರಡೂ ಬೆರೆತ ಈ ನೆಲ.

ಪಾಗನೀಸ ಹುಟ್ಟಿದ ಕಾಲದ ಈ ಸೀಮೆಯನ್ನು ಸ್ವಲ್ಪ ನೆನೆಸಿಕೊಳ್ಳಬೇಕು. ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಮಿರಜದ ಕಡೆ ಪಟವರ್ಧನರ ಆಳಿಕೆ. ಒಂದು ದಿನದ ಚಕ್ಕಡಿ ಹಾದಿಯಲ್ಲಿ ಮೂರು ಸರಕಾರಗಳ ಗಡಿ ದಾಟಬೇಕಾಗುತ್ತಿತ್ತು. ಶಾಲೆ, ಕಚೇರಿ, ಪೇಟೆಗಳಲ್ಲಿ ಮರಾಠಿ ದಟ್ಟವಾಗಿತ್ತು. ಹೊಲ, ಮನೆ, ಸಂತೆಗಳಲ್ಲಿ ಕನ್ನಡ. ಚಿಕ್ಕೋಡಿಯಿಂದ ಬೆಳಗಾವಿ ಎಷ್ಟು ದೂರವೋ ಕೊಲ್ಹಾಪುರವೂ ಹೆಚ್ಚುಕಡಿಮೆ ಅಷ್ಟೇ ದೂರ. ಮಿರಜದಿಂದ ಬೆಳಗಾವಿಗೆ ಹೋಗುವ ರೈಲು ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಸ್ಟೇಶನ್ನುಗಳನ್ನು ಹಾದು ಬರುತ್ತದೆ. ನಾಟಕ ಕಂಪನಿಗಳಿಗೆ ರೈಲು ಬಂದದ್ದೇ ದೊಡ್ಡ ಅನುಕೂಲವಾಯಿತು. ಪರದೆ, ಸೀನು, ಉಡುಪಿನ ಟ್ರಂಕು, ಹಾರ್ಮೋನಿಯಂ ಪೆಟ್ಟಿಗೆ ಎಲ್ಲವನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಸಾಂಗಲಿಯಿಂದ ಹುಬ್ಬಳ್ಳಿಯವರೆಗೆ ಊರೂರು ತಿರುಗಲು ದಾರಿಯಾಯಿತು.

ಈ ನೆಲಕ್ಕೂ ನಾಟಕಕ್ಕೂ ಇರುವ ನಂಟು ಅದಕ್ಕಿಂತ ಹಳೆಯದು. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ ಸಾಂಗಲಿಗೆ ಹೋಗಿ ಯಕ್ಷಗಾನ ಆಡಿತು. ಅದನ್ನು ನೋಡಿದ ಸಾಂಗಲಿಯ ದೊರೆ, ಇಂಥದ್ದನ್ನು ಮರಾಠಿಯಲ್ಲಿ ಮಾಡು ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದ. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ನಾಟಕದ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ. ಅದೇ 1843ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದರು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದವರು ಅವರೇ. ಹಾಡು ತುಂಬಿದ ಆ ನಾಟಕ ತಿರುಗಿ ಕನ್ನಡ ನಾಡಿಗೆ ಬಂದಾಗ ಜನ ಅದರ ಮೋಡಿಗೆ ಬಿದ್ದರು. ಕನ್ನಡಿಗರಿಗೂ ತಮ್ಮದೇ ನಾಟಕ ಬೇಕೆಂಬ ಛಲದಿಂದ ಗದಗಿನ ಶಾಂತಕವಿಗಳು 1870ರ ದಶಕದಲ್ಲೇ ಮಂಡಳಿ ಕಟ್ಟಿದ್ದರು. ಕೊಡುವುದು, ಕೊಳ್ಳುವುದು, ಪೈಪೋಟಿ ಎಲ್ಲವೂ ಒಟ್ಟಿಗೆ ನಡೆದಿತ್ತು. 1908ರಲ್ಲಿ ಮರಾಠಿಯ ಹೆಸರಾಂತ ನಟ ಕೇಶವರಾವ ಭೋಸಲೆ ತಮ್ಮ ‘ಲಲಿತಕಲಾದರ್ಶ’ ನಾಟಕ ಮಂಡಳಿಯನ್ನು ಆರಂಭಿಸಿದ್ದು ಕೊಲ್ಹಾಪುರದಲ್ಲೂ ಅಲ್ಲ, ಪುಣೆಯಲ್ಲೂ ಅಲ್ಲ, ನಮ್ಮ ಹುಬ್ಬಳ್ಳಿಯಲ್ಲಿ.

ಇತ್ತ ಹಳ್ಳಿಗಳಲ್ಲಿ ಶ್ರೀಕೃಷ್ಣ ಪಾರಿಜಾತದ ಗೆಜ್ಜೆ ದನಿ ಇದ್ದೇ ಇತ್ತು. ಗೋಕಾಕ ಸೀಮೆಯ ಕುಲಗೋಡದ ತಮ್ಮಣ್ಣ ಆ ಆಟಕ್ಕೆ ಹೊಸ ರೂಪ ಕೊಟ್ಟಿದ್ದರು. ರಾತ್ರಿಯಿಡೀ ಕೂತು ರುಕ್ಮಿಣಿ–ಸತ್ಯಭಾಮೆಯರ ಜಗಳ ನೋಡಿದ ಜನಕ್ಕೆ ಹಾಡಿನಲ್ಲಿ ಕತೆ ಕೇಳುವ ರೂಢಿ ರಕ್ತದಲ್ಲೇ ಇತ್ತು. ಇಂಥ ಸೀಮೆಯಲ್ಲಿ ಹುಟ್ಟಿದ, ಒಳ್ಳೆಯ ಕಂಠವಿದ್ದ ಹುಡುಗನೊಬ್ಬ ನಾಟಕ ಕಂಪನಿಗೆ ಸೇರಿದ್ದು ಅಚ್ಚರಿಯ ಮಾತೇನಲ್ಲ.

ಪಾಗನೀಸ ಸೇರಿದ್ದು ‘ಸ್ವದೇಶ ಹಿತಚಿಂತಕ’ ನಾಟಕ ಮಂಡಳಿಗೆ. ಗೋವಿಂದ ಬಲ್ಲಾಳ ದೇವಲರ ‘ಶಾರದಾ’ ನಾಟಕದಲ್ಲಿ ಮುದುಕನನ್ನು ಮದುವೆಯಾಗಬೇಕಾದ ಬಾಲೆಯ ಪಾತ್ರ ಮಾಡಿ ಕೇಶವರಾವ ಭೋಸಲೆ ಹೆಸರು ಮಾಡಿದ್ದು ಅದೇ ಮಂಡಳಿಯಲ್ಲಿ. ಪಾಗನೀಸರ ಪಾಲಿಗೂ ಬಂದದ್ದು ಹೆಣ್ಣುಪಾತ್ರಗಳೇ. ಹೆಣ್ಣುಮಕ್ಕಳು ರಂಗಕ್ಕೆ ಬರಬಾರದೆಂದು ಸಮಾಜ ತಡೆದಿದ್ದ ಕಾಲ ಅದು. ಮೀಸೆ ಚಿಗುರದ ಹುಡುಗರನ್ನು ಹುಡುಕಿ ತಂದು ಶಕುಂತಲೆ, ಸುಭದ್ರೆ, ದ್ರೌಪದಿಯರನ್ನಾಗಿ ಮಾಡುವುದು ಕಂಪನಿ ಮಾಲೀಕರ ದೊಡ್ಡ ಕೆಲಸವಾಗಿತ್ತು. ನಮ್ಮ ಕನ್ನಡ ರಂಗನಟ ಏಣಗಿ ಬಾಳಪ್ಪನವರೂ ಹರೆಯದಲ್ಲಿ ಹೆಣ್ಣುವೇಷ ಹಾಕಿದವರೇ.

ಹೆಣ್ಣುವೇಷ ಎಂದರೆ ಇಂದಿನ ಹಾಸ್ಯ ಕಾರ್ಯಕ್ರಮಗಳಲ್ಲಿ ಕಾಣುವ ಕುಣಿತವಲ್ಲ. ಬೆಳಿಗ್ಗೆ ಸ್ವರಸಾಧನೆ, ಮಧ್ಯಾಹ್ನ ತಾಲೀಮು, ರಾತ್ರಿ ಆಟ. ಹೆಜ್ಜೆ ಎಷ್ಟು ಉದ್ದ ಇಡಬೇಕು, ಕಚ್ಚೆಸೀರೆಯಲ್ಲಿ ಕೂತು ಏಳುವುದು ಹೇಗೆ, ಸೆರಗು ಯಾವ ಮಾತಿಗೆ ಎಳೆದುಕೊಳ್ಳಬೇಕು, ನಾಯಕನ ಮುಖವನ್ನು ಯಾವಾಗ ನೋಡಬೇಕು, ಯಾವಾಗ ನೆಲ ನೋಡಬೇಕು ಎಂಬುದೆಲ್ಲ ವರ್ಷಗಟ್ಟಲೆ ಕಲಿಯುವ ವಿದ್ಯೆಯಾಗಿತ್ತು. ಮೈಕ್ ಇಲ್ಲದ ಮಂಟಪ, ಗ್ಯಾಸ್ ಬತ್ತಿಯ ಬೆಳಕು. ಹಿಂದಿನ ಸಾಲಿನವನಿಗೂ ದನಿ ಮುಟ್ಟಬೇಕು, ಆದರೆ ಗಂಡುದನಿ ಒಡೆದು ಕಾಣಬಾರದು. ಗಂಡುಪಾತ್ರದವನು ತೊಡೆ ತಟ್ಟಿ ಗದೆ ಬೀಸಿ ಚಪ್ಪಾಳೆ ಗಿಟ್ಟಿಸಬಹುದು. ಹೆಣ್ಣುಪಾತ್ರದವನು ಕಡಿಮೆ ಅಲುಗಾಡಿ ಹೆಚ್ಚು ಹೇಳಬೇಕು. ಕತ್ತಿನ ಒಂದು ಸಣ್ಣ ತಿರುವಿನಲ್ಲಿ, ರೆಪ್ಪೆ ಇಳಿಸುವ ಒಂದು ಕ್ಷಣದಲ್ಲಿ ಮನಸ್ಸನ್ನು ತೋರಿಸಬೇಕು. ಪಾಗನೀಸ ತಮ್ಮ ಮೈಗೆ ಈ ಸಂಯಮವನ್ನು ಕಲಿಸಿದ್ದು ಇಲ್ಲಿ. ಮುಂದೆ ಕ್ಯಾಮೆರಾ ಬೇಡಿದ್ದೂ ಇದನ್ನೇ.

ಲೋಕದ ರಂಗಭೂಮಿಯಲ್ಲಿ ಇಂಥ ನಟರ ಬದುಕಿಗೆ ಒಂದು ಹಳೆಯ ಉದಾಹರಣೆ ಇದೆ. 17ನೆಯ ಶತಮಾನದ ಲಂಡನ್ನಿನಲ್ಲಿ ಎಡ್ವರ್ಡ್ ಕಿನಾಸ್ಟನ್ ಎಂಬ ನಟ ಹೆಣ್ಣುಪಾತ್ರಗಳಿಗೆ ಹೆಸರಾಗಿದ್ದ. ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1660ರಲ್ಲಿ ಅವನನ್ನು ರಂಗದ ಮೇಲೆ ಕಂಡು, ಅವನ ಹೆಣ್ಣುರೂಪದ ಚೆಲುವನ್ನು ಹೊಗಳಿ ಬರೆದಿಟ್ಟಿದ್ದಾನೆ. ಎರಡೇ ವರ್ಷಗಳಲ್ಲಿ, 1662ರಲ್ಲಿ, ಹೆಣ್ಣುಪಾತ್ರಗಳನ್ನು ಹೆಂಗಸರೇ ಮಾಡಬೇಕೆಂದು ಎರಡನೆಯ ಚಾರ್ಲ್ಸ್ ದೊರೆ ಆಜ್ಞೆ ಹೊರಡಿಸಿದ. ಕಿನಾಸ್ಟನ್ನನ ಕಸುಬು ನಿಂತೇಹೋಗಬೇಕಿತ್ತು. ಆತ ಗಂಡುಪಾತ್ರಗಳಿಗೆ ತಿರುಗಿ, ಶೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿಯಾಗಿ ರಾಜಗಾಂಭೀರ್ಯಕ್ಕೆ ಹೆಸರಾದ.

ಪಾಗನೀಸರ ಬದುಕಿನಲ್ಲಿ ಅಂಥ ಆಜ್ಞೆ ಬಂದದ್ದು ಯಾವ ದೊರೆಯಿಂದಲೂ ಅಲ್ಲ, ಕಾಲದಿಂದ. 1921ರಲ್ಲಿ ಹೆಣ್ಣುಪಾತ್ರಗಳಿಗೆ ಹೆಸರಾದ ಮರಾಠಿ ನಟ ಬಾಲಗಂಧರ್ವ ಮತ್ತು ಕೇಶವರಾವ ಭೋಸಲೆ ಟಿಳಕ ಸ್ವರಾಜ್ಯ ನಿಧಿಗಾಗಿ ಒಟ್ಟಿಗೆ ‘ಮಾನಾಪಮಾನ’ ನಾಟಕ ಆಡಿದರು. ಸಂಗೀತ ನಾಟಕದ ಶಿಖರ ಅದು. ಅದೇ ವರ್ಷ ಕೇಶವರಾವ ತೀರಿಕೊಂಡರು. ಮಿರಜದಲ್ಲಿ ಹುಟ್ಟಿದ ಹೀರಾಬಾಯಿ ಬಡೋದೇಕರ ರಂಗದ ಮೇಲೆ ಬಂದು ಹೆಣ್ಣುಮಕ್ಕಳಿಗೆ ದಾರಿ ತೆರೆದರು. 1931ರಲ್ಲಿ ‘ಆಲಂ ಆರಾ’ ಬಂದು ಸಿನಿಮಾ ಮಾತಾಡತೊಡಗಿತು. 1932ರಲ್ಲಿ ಪ್ರಭಾತದವರ ‘ಅಯೋಧ್ಯೇಚಾ ರಾಜಾ’ದಲ್ಲಿ ದುರ್ಗಾ ಖೋಟೆ ತಾರಾಮತಿಯಾದ ಮೇಲೆ, ಗಂಡಸು ಸೀರೆ ಉಟ್ಟು ನಾಯಕಿಯಾಗುವುದನ್ನು ನೋಡಲು ಜನಕ್ಕೆ ಆಸಕ್ತಿ ಉಳಿಯಲಿಲ್ಲ. ನಾಟಕ ಮಂಡಳಿಗಳು ಒಂದೊಂದಾಗಿ ಪರದೆ ಮಡಚಿದವು. ಪಾಗನೀಸ ಮುಂಬಯಿಯಲ್ಲಿ ಶಾಲೆಯ ಸಂಗೀತ ಮಾಸ್ತರರಾಗಿದ್ದರು. ಭಜನೆ ಹಾಡುವುದರಲ್ಲಿ ತಮ್ಮದೇ ಒಂದು ಧಾಟಿ ಬೆಳೆಸಿಕೊಂಡಿದ್ದರು. ಅವರಿಗೆ ಆಗ ನಲವತ್ತು ದಾಟಿತ್ತು. ನಟನಾಗಿ ಅವರ ಕಾಲ ಮುಗಿಯಿತೆಂದು ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪೆನ್ನುವ ಹಾಗಿರಲಿಲ್ಲ.

ಇತ್ತ ಕೊಲ್ಹಾಪುರ ಸಿನಿಮಾದ ಊರಾಗಿತ್ತು. ಬಾಬುರಾವ ಪೇಂಟರರ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಕೆಲಸ ಕಲಿತ ದಾಮ್ಲೆ, ಫತ್ತೇಲಾಲ, ಶಾಂತಾರಾಮ, ಧಾಯಬರ ಮತ್ತು ಬಂಡವಾಳ ಹಾಕಿದ ಸೀತಾರಾಮ ಕುಲಕರ್ಣಿ ಸೇರಿ 1929ರ ಜೂನ್ 1ರಂದು ಅಲ್ಲಿ ಪ್ರಭಾತ ಫಿಲ್ಮ್ ಕಂಪನಿ ಕಟ್ಟಿದರು. 1933ರಲ್ಲಿ ಅದು ಪುಣೆಗೆ ಹೋಯಿತು. ಇಂದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವುದು ಆ ಸ್ಟುಡಿಯೋದ ಜಾಗದಲ್ಲೇ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ಚಿತ್ರಿಸಿದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಅದು ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ನಿಪ್ಪಾಣಿಯಿಂದ ನಲವತ್ತು ಕಿಲೋಮೀಟರಿನಷ್ಟು ದೂರದಲ್ಲಿ ಕನ್ನಡ ಸಿನಿಮಾ ಮೊದಲ ಮಾತಾಡಿದ್ದನ್ನು ಈ ಭಾಗದವರು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

1935ರಲ್ಲಿ ಪ್ರಭಾತದವರು ಬಾಲಗಂಧರ್ವರನ್ನು ಕರೆತಂದು ಸಂತ ಏಕನಾಥನ ಪಾತ್ರ ಕೊಟ್ಟು ಒಂದು ಚಿತ್ರ ತೆಗೆದರು. ಅದಕ್ಕೆ ಇಟ್ಟ ಹೆಸರು ‘ಮಹಾತ್ಮಾ’. ಗಾಂಧೀಜಿಯ ನೆನಪು ತರುತ್ತದೆಂದು ಬ್ರಿಟಿಷ್ ಸೆನ್ಸಾರಿನವರು ಒಪ್ಪದ್ದರಿಂದ ಅದು ‘ಧರ್ಮಾತ್ಮಾ’ ಆಯಿತು. ಹೆಣ್ಣುಪಾತ್ರಗಳಲ್ಲಿ ದೇವತೆಯಂತೆ ಪೂಜೆಗೊಂಡಿದ್ದ ಬಾಲಗಂಧರ್ವರು ತೆರೆಯ ಮೇಲೆ ಗಂಡಸಾಗಿ ಬಂದಾಗ ಜನ ಕೈಹಿಡಿಯಲಿಲ್ಲ. ಪ್ರಭಾತದೊಂದಿಗಿನ ಅವರ ನಂಟು ಆ ಒಂದೇ ಚಿತ್ರಕ್ಕೆ ಮುಗಿಯಿತು.

ಮರುವರ್ಷವೇ ಅದೇ ಕಂಪನಿ ಇನ್ನೊಬ್ಬ ಸಂತನ ಚಿತ್ರಕ್ಕೆ ಕೈಹಾಕಿತು. ಈ ಸಲವೂ ನಾಯಕನ ಜಾಗಕ್ಕೆ ಸೂಚನೆಯಾದದ್ದು ಹೆಣ್ಣುಪಾತ್ರದ ಹಳೆಯ ನಟನ ಹೆಸರೇ. ಹೆಣ್ಣಿನ ಹಾವಭಾವ ಮೈಗಂಟಿದವನನ್ನು ಜನ ತುಕಾರಾಮನೆಂದು ಒಪ್ಪುತ್ತಾರೆಯೇ ಎಂಬ ಆಕ್ಷೇಪ ಪ್ರಭಾತದ ಒಳಗೇ ಎದ್ದಿತು. ಹಿಂದಿನ ವರ್ಷದ ಏಟು ಇನ್ನೂ ಮಾಗಿರಲಿಲ್ಲವಾದ್ದರಿಂದ ಆ ಆಕ್ಷೇಪದಲ್ಲಿ ಹುರುಳಿತ್ತು. ಆದರೂ ನಿರ್ದೇಶಕರಾದ ವಿಷ್ಣುಪಂತ ದಾಮ್ಲೆ ಮತ್ತು ಶೇಖ ಫತ್ತೇಲಾಲರು ಪಾಗನೀಸರನ್ನೇ ಆರಿಸಿದರು. ಫತ್ತೇಲಾಲರು ಕಾಗಲದವರು. ಕಾಗಲ ಎಂದರೆ ನಿಪ್ಪಾಣಿಯ ಮಗ್ಗುಲ ಊರು. ವೈಷ್ಣವ ಸಂತನ ಕತೆಯನ್ನು ತೆರೆಗೆ ತಂದ ಇಬ್ಬರಲ್ಲಿ ಒಬ್ಬರು ಕಾಗಲದ ಮುಸಲ್ಮಾನ ಕಲಾವಿದ, ಸಂತನಾದವರು ಚಿಕ್ಕೋಡಿಯ ನಟ. ಈ ಎರಡೂ ಊರುಗಳ ನಡುವೆ ಈಗ ರಾಜ್ಯದ ಗಡಿ ಇದೆ. ಆಗ ಇದ್ದ ಗಡಿ ಆಳಿಕೆಯದು, ಭಾಷೆಯದಲ್ಲ.

ಪಾತ್ರ ಸಿಕ್ಕ ಮೇಲೆ ಪಾಗನೀಸ ತುಕಾರಾಮನ ಊರಾದ ದೇಹೂವಿಗೆ ಹೋಗಿ ಅವನ ಸನ್ನಿಧಿಯಲ್ಲಿ ಬೇಡಿಕೊಂಡು ಬಂದರೆಂದು ಆ ಚಿತ್ರದ ಬಗ್ಗೆ ಬರೆದವರು ಹೇಳುತ್ತಾರೆ.

ಚಿತ್ರವನ್ನು ಹತ್ತಿರದಿಂದ ನೋಡಬೇಕು. ಶುರುವಿನಲ್ಲೇ ತುಕಾರಾಮ ವಿಠ್ಠಲನ ಎದುರು ಕೂತು ಅಭಂಗ ಹಾಡುತ್ತಾನೆ. ಮುಂದೆ ಅದೇ ಅಭಂಗವನ್ನು ಸಾಲೋಮಾಲೋ ಎಂಬ ಪುರೋಹಿತ ತನ್ನದೆಂದು ಹೇಳಿಕೊಂಡು, ಸ್ವರಗಳನ್ನು ತಿರುಚಿ, ಕೈಕಾಲು ಬೀಸಿ, ಭಕ್ತರ ಗುಂಪಿನ ಮುಂದೆ ಹಾಡುತ್ತಾನೆ. ಆ ಪಾತ್ರ ಮಾಡಿದ ಭಾಗವತರದು ನಾಟಕದ ಪಟ್ಟು ಪೂರ್ತಿ ತುಂಬಿದ ಅಭಿನಯ. ಹಾಡು ಒಂದೇ, ಹಾಡುವವರು ಇಬ್ಬರು. ಒಬ್ಬನಿಗೆ ಎದುರಿರುವವನು ದೇವರು, ಇನ್ನೊಬ್ಬನಿಗೆ ಎದುರಿರುವುದು ಸಭೆ. ಒಂದು ಮಾತಿನ ವಿವರಣೆಯೂ ಇಲ್ಲದೆ ನಿರ್ದೇಶಕರು ಇಡೀ ಕತೆಯ ತಿರುಳನ್ನು ಮೊದಲ ನಿಮಿಷಗಳಲ್ಲೇ ಕೊಟ್ಟುಬಿಡುತ್ತಾರೆ. ಆ ತಿರುಳು ಪ್ರೇಕ್ಷಕರಿಗೆ ಮುಟ್ಟುವುದು ಪಾಗನೀಸ ಮೈ ಅಲುಗಾಡಿಸದೆ ಹಾಡುವುದರಿಂದ. ಹಾಡುಗಳನ್ನು ಹಾಡಿದವರು ಅವರೇ. ಸಂಗೀತ ಕೇಶವರಾವ ಭೋಳೆಯವರದು. ಪಾಗನೀಸರ ದನಿ ಎಲ್ಲಿಯೂ ತನ್ನ ತಯಾರಿಯನ್ನು ಮೆರೆಸುವುದಿಲ್ಲ. ತಾನ, ಆಲಾಪಗಳಲ್ಲಿ ಪಳಗಿದ ಸಂಗೀತ ನಾಟಕದ ನಟ ಅವನ್ನೆಲ್ಲ ಬದಿಗಿಟ್ಟು, ದಿಂಡಿಯಲ್ಲಿ ನಡೆಯುವ ವಾರಕರಿಯೊಬ್ಬ ಹಾಡುವಷ್ಟು ಸರಳವಾಗಿ ಹಾಡುತ್ತಾನೆ. ವಿದ್ಯೆ ಇದ್ದೂ ಅದನ್ನು ಮರೆಸಿ ಹಾಡುವುದು ಎಷ್ಟು ಕಷ್ಟವೆಂದು ಭಜನಿ ಮಂಡಳಿಗಳಲ್ಲಿ ತಾಳ ಹಿಡಿದ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಜಿಜಾಯಿ. ತುಕಾರಾಮನ ಹೆಂಡತಿಯಾಗಿ ನಟಿಸಿದ ಗೌರಿ ಪ್ರಭಾತ ಸ್ಟುಡಿಯೋದಲ್ಲಿ ಕಸಗುಡಿಸುವ ಕೆಲಸಕ್ಕೆ ಬಂದು, ಚಿಕ್ಕಪುಟ್ಟ ಪಾತ್ರಗಳಲ್ಲಿ ನಿಂತು, ಮೇಲೆ ಬಂದ ಹೆಣ್ಣುಮಗಳು. ನಾಟಕ ಶಾಲೆಯ ಗಾಳಿಯೂ ಸೋಕದ ಆಕೆ ಜಿಜಾಯಿಯನ್ನು ನಮ್ಮ ಯಾವ ಹಳ್ಳಿಯ ಓಣಿಯಲ್ಲಾದರೂ ಸಿಗುವ ಗಟ್ಟಿಗಿತ್ತಿಯಾಗಿ ಮಾಡಿದಳು. ಮನೆಯಲ್ಲಿ ಕಾಳಿಲ್ಲ, ಗಂಡ ಭಜನೆಯಲ್ಲಿ ಮುಳುಗಿದ್ದಾನೆ, ಮಗನಿಗೆ ಜಡ್ಡು. ಸಿಟ್ಟಿಗೆದ್ದ ಜಿಜಾಯಿ ಕೈಯಲ್ಲಿ ಚಪ್ಪಲಿ ಹಿಡಿದು ವಿಠ್ಠಲನ ಗುಡಿಗೇ ನುಗ್ಗುತ್ತಾಳೆ. ದೇವರನ್ನು ಹೀಗೆ ಗದರಿಸುವ ಹೆಣ್ಣನ್ನು ಕಂಡು ಪ್ರೇಕ್ಷಕರು ನಕ್ಕರು, ಒಳಗೊಳಗೇ ಅವಳ ಪಕ್ಷ ವಹಿಸಿದರು. ಅವಳ ಆರ್ಭಟದ ಎದುರು ಪಾಗನೀಸ ದನಿ ಏರಿಸುವುದಿಲ್ಲ. ತಲೆ ತುಸು ಬಾಗಿಸಿ, ತುಟಿಯ ಅಂಚಿನಲ್ಲಿ ಸಣ್ಣ ನಗೆ ಇಟ್ಟುಕೊಂಡು ಕೇಳಿಸಿಕೊಳ್ಳುತ್ತಾರೆ. ಆ ತಲೆ ಬಾಗಿಸುವಿಕೆ, ರೆಪ್ಪೆ ಇಳಿಸುವಿಕೆ ಎಲ್ಲಿಂದ ಬಂದವು? ಶಕುಂತಲೆ, ಸುಭದ್ರೆಯರ ತಾಲೀಮಿನಿಂದ. ಯಾವುದನ್ನು ದೋಷವೆಂದು ಸ್ಟುಡಿಯೋದಲ್ಲಿ ಶಂಕಿಸಿದ್ದರೋ ಅದೇ ಸಂತನ ಮೃದುತ್ವವಾಗಿ ತೆರೆಯ ಮೇಲೆ ಮೂಡಿತು. ಗಂಡಸು ಗಟ್ಟಿ ದನಿಯಲ್ಲೇ ಮಾತಾಡಬೇಕೆಂಬ ರೂಢಿಯ ನಡುವೆ, ಸೋತು ಗೆಲ್ಲುವ ಒಬ್ಬ ಗಂಡಸನ್ನು ಜನ ಕಂಡರು.

ಪಂಡಿತ ರಾಮೇಶ್ವರ ಶಾಸ್ತ್ರಿಯ ಅಪ್ಪಣೆಯಂತೆ ತುಕಾರಾಮ ತನ್ನ ಅಭಂಗಗಳ ವಹಿಗಳನ್ನು ಇಂದ್ರಾಯಣಿ ನದಿಯಲ್ಲಿ ಮುಳುಗಿಸಿ ದಂಡೆಯ ಮೇಲೆ ಉಪವಾಸ ಕೂಡುವ ಭಾಗದಲ್ಲೂ ಇದೇ ಕಾಣುತ್ತದೆ. ಅಳುವುದಕ್ಕೆ, ಎದೆ ಬಡಿದುಕೊಳ್ಳುವುದಕ್ಕೆ ಅಲ್ಲಿ ಬೇಕಾದಷ್ಟು ಅವಕಾಶವಿತ್ತು. ಪಾಗನೀಸ ಅದನ್ನು ಬಳಸುವುದಿಲ್ಲ. ಕೊನೆಗೆ ವೈಕುಂಠದಿಂದ ಕರೆ ಬಂದಾಗ ತುಕಾರಾಮ ಹೆಂಡತಿಯನ್ನೂ ಕರೆಯುತ್ತಾನೆ. ಒಲೆ, ಮಕ್ಕಳು, ಮನೆಗೆಲಸ ಬಿಟ್ಟು ಅವಳು ಹೇಗೆ ಬಂದಾಳು? ಗರುಡನ ಮೇಲೆ ಸಂತ ಹೋಗುತ್ತಾನೆ, ಜಿಜಾಯಿ ನೆಲದ ಮೇಲೆ ಉಳಿಯುತ್ತಾಳೆ. ಪವಾಡದ ಚಿತ್ರವೊಂದು ಹೆಂಗಸಿನ ದುಡಿಮೆಯನ್ನು ಪವಾಡದಷ್ಟೇ ತೂಕವಾಗಿ ತೋರಿಸಿದ್ದರಿಂದ ಅದು ಇಂದಿಗೂ ಹಳತಾಗಿಲ್ಲ.

ಚಿತ್ರ ಮುಂಬಯಿಯ ಸೆಂಟ್ರಲ್ ಸಿನಿಮಾದಲ್ಲಿ 1936ರ ಡಿಸೆಂಬರಿನಲ್ಲಿ ತೆರೆಗೆ ಬಂತು. ಅಲ್ಲಿ ಸತತ 57 ವಾರ ಓಡಿತು. 1937ರ ವೆನಿಸ್ ಚಿತ್ರೋತ್ಸವದಲ್ಲಿ ಜಗತ್ತಿನ ಮೂರು ಉತ್ತಮ ಚಿತ್ರಗಳಲ್ಲಿ ಒಂದೆಂಬ ಮನ್ನಣೆ ಪಡೆಯಿತು. ಭಾರತೀಯ ಚಿತ್ರವೊಂದಕ್ಕೆ ಹೊರದೇಶದ ಉತ್ಸವದಲ್ಲಿ ಅಂಥ ಗೌರವ ಸಿಕ್ಕದ್ದು ಆಗ ದೊಡ್ಡ ಮಾತು. ಚಿತ್ರಕ್ಕಾಗಿ ಶಾಂತಾರಾಮ ಆಠವಲೆ ಬರೆದ ಒಂದು ಹಾಡು ತುಕಾರಾಮನ ಅಭಂಗಗಳ ಜತೆ ಎಷ್ಟು ಬೆರೆತಿತೆಂದರೆ, ಅದು ತುಕಾರಾಮನದೇ ರಚನೆ ಎಂದು ತಿಳಿದವರೂ ನಂಬಿದರು. ಹಾಡಿಗೆ ಆದದ್ದೇ ಮುಖಕ್ಕೂ ಆಯಿತು. ಪಟದ ಅಂಗಡಿಗಳಲ್ಲಿ ಪಾಗನೀಸರ ರೂಪವೇ ತುಕಾರಾಮನಾಗಿ ಮಾರಾಟವಾಯಿತು.

ಯುರೋಪಿನಲ್ಲಿ ಇದಕ್ಕೆ ಸಮನಾದ ಒಂದು ಸಂಗತಿ ಇದೆ. ಫ್ರಾನ್ಸಿನ ರಂಗನಟಿ ಫಾಲ್ಕೋನೆಟ್ಟಿ 1928ರಲ್ಲಿ ಡ್ರಾಯರ್‌ನ ಚಿತ್ರದಲ್ಲಿ ಜೋನ್ ಆಫ್ ಆರ್ಕ್ ಆದಳು. ಜಗತ್ತು ಆಕೆಯನ್ನು ನೆನೆಯುವುದು ಆ ಒಂದೇ ಪಾತ್ರಕ್ಕೆ. ರಂಗದ ಮೇಲೆ ವರ್ಷಗಟ್ಟಲೆ ದುಡಿದ ನಟರಿಗೆ ಸಿನಿಮಾ ಇಂಥ ವರವನ್ನೂ ಕೊಡುತ್ತದೆ, ಅದರ ಜತೆಗೇ ಬೇಲಿಯನ್ನೂ ಹಾಕುತ್ತದೆ.

ಪಾಗನೀಸರ ಸುತ್ತಲೂ ಆ ಬೇಲಿ ಬೆಳೆಯಿತು. ತುಕಾರಾಮನ ನಂತರ ಅವರಿಗೆ ಬಂದ ಪಾತ್ರಗಳು ಹೆಚ್ಚಾಗಿ ಸಂತರದು, ಭಕ್ತರದು. 1939ರಲ್ಲಿ ರಣಜಿತ್ ಮೂವಿಟೋನ್‌ನ ‘ಸಂತ ತುಳಸೀದಾಸ’. 1940ರಲ್ಲಿ ಪ್ರಕಾಶ ಪಿಕ್ಚರ್ಸ್‌ನ ‘ನರಸಿ ಭಗತ್’, ನಿರ್ದೇಶನ ವಿಜಯ ಭಟ್ಟರದು. ಗುಜರಾತದ ಭಕ್ತಕವಿ ನರಸಿ ಮೆಹತಾನ ಕತೆಯನ್ನು ಚಿತ್ರ ಮಾಡಬಾರದೇಕೆ ಎಂದು ಗಾಂಧೀಜಿ ಕೇಳಿದ ಮಾತೇ ತಮಗೆ ಪ್ರೇರಣೆ ಎಂದು ವಿಜಯ ಭಟ್ಟರು ಹೇಳಿಕೊಂಡಿದ್ದರು. ಆ ಚಿತ್ರದಲ್ಲಿ ಪಾಗನೀಸ, ದುರ್ಗಾ ಖೋಟೆಯರ ಜತೆ ಇದ್ದವರು ಬೀಳಗಿಯ ಅಮೀರಬಾಯಿ ಕರ್ನಾಟಕಿ. ಒಬ್ಬರು ಚಿಕ್ಕೋಡಿಯವರು, ಒಬ್ಬರು ಬೀಳಗಿಯವರು. ಮುಂಬಯಿಯ ಸ್ಟುಡಿಯೋದಲ್ಲಿ ಕೃಷ್ಣಾ ತೀರದ ಇಬ್ಬರು ಗಾಯಕ ನಟರು ಗುಜರಾತದ ಭಕ್ತನ ಕತೆಯನ್ನು ಹಿಂದಿಯಲ್ಲಿ ಅಭಿನಯಿಸಿದರು. ನಮ್ಮ ಸೀಮೆಯ ಕಲಾವಿದರು ಭಾಷೆಯನ್ನು ಗೋಡೆ ಮಾಡಿಕೊಂಡಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

1943ರಲ್ಲಿ ‘ಮಹಾತ್ಮಾ ವಿದುರ’ ಮತ್ತು ‘ಭಕ್ತರಾಜ’ ಬಂದವು. ಅದೇ ವರ್ಷ ಅಕ್ಟೋಬರ್ 3ರಂದು ಪಾಗನೀಸ ತೀರಿಕೊಂಡರು. ಐವತ್ತೊಂದು ತುಂಬಿರಲಿಲ್ಲ. ತೆರೆಯ ಮೇಲೆ ಅವರ ದೊಡ್ಡ ಕಾಲ ಏಳೇ ವರ್ಷಗಳದು. ಈ ನಂತರದ ಚಿತ್ರಗಳು ತುಕಾರಾಮನ ಎತ್ತರ ಮುಟ್ಟಲಿಲ್ಲವೆಂದು ಒಪ್ಪಬೇಕು. ಅದಕ್ಕೆ ಕಾರಣ ನಟನ ಕೊರತೆಗಿಂತ ಹೆಚ್ಚಾಗಿ ಬರೆದವರ, ತೆಗೆದವರ ಕೊರತೆ. ದೇಹೂವಿನ ಹಳ್ಳಿಬದುಕನ್ನು ದಾಮ್ಲೆ–ಫತ್ತೇಲಾಲರು ಕಟ್ಟಿಕೊಟ್ಟ ಹಾಗೆ, ಗೌರಿಯಂಥ ಎದುರಾಳಿಯನ್ನು ನಿಲ್ಲಿಸಿದ ಹಾಗೆ ಬೇರೆಯವರಿಗೆ ಮಾಡಲಾಗಲಿಲ್ಲ. ಬರೀ ಭಕ್ತಿ ಇಟ್ಟುಕೊಂಡು ಭಕ್ತನ ಚಿತ್ರ ನಿಲ್ಲುವುದಿಲ್ಲ. ಅದಕ್ಕೆ ಕಾಳಿಲ್ಲದ ಮನೆ ಬೇಕು, ಜಗಳವಾಡುವ ಹೆಂಡತಿ ಬೇಕು, ಕದಿಯುವ ಪುರೋಹಿತ ಬೇಕು.

ಪಾಗನೀಸರನ್ನು ಕನ್ನಡದ ನಟರೆಂದು ಹಕ್ಕು ಸಾಧಿಸುವುದು ಈ ಮಾತುಗಳ ಉದ್ದೇಶವಲ್ಲ. ಅವರ ರಂಗಭಾಷೆ ಮರಾಠಿ, ಅವರ ಕೀರ್ತಿಯ ಚಿತ್ರ ಮರಾಠಿ. ಅದು ಸತ್ಯ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ತುಕಾರಾಮ ಹಾಡಿದ ವಿಠ್ಠಲನನ್ನೇ ಮರಾಠಿ ಸಂತರು ಕನ್ನಡದವನೆಂದು ಕರೆದಿದ್ದಾರೆ. ಆಷಾಢ ಬಂದರೆ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯಿಂದ ದಿಂಡಿಗಳು ಇಂದಿಗೂ ಪಂಢರಪುರಕ್ಕೆ ನಡೆಯುತ್ತವೆ. ಆ ಸಾಲಿನಲ್ಲಿ ಅಭಂಗವೂ ಕೇಳುತ್ತದೆ, ದಾಸರ ಪದವೂ ಕೇಳುತ್ತದೆ. 1963ರಲ್ಲಿ ಕನ್ನಡದಲ್ಲಿ ‘ಸಂತ ತುಕಾರಾಮ’ ಬಂದಾಗ ಆ ಪಾತ್ರ ಮಾಡಿದವರು ಡಾ. ರಾಜಕುಮಾರ್. ಗುಬ್ಬಿ ಕಂಪನಿಯ ತಾಲೀಮಿನಿಂದ ಬಂದ ಅವರೂ ತಮ್ಮ ಹಾಡುಪಾಡನ್ನು, ಮೈಯ ವಿನಯವನ್ನು ಕಲಿತದ್ದು ನಾಟಕದಲ್ಲಿ. ಎರಡು ಭಾಷೆಯ ಎರಡು ತುಕಾರಾಮರಿಗೂ ಕಂಪನಿ ನಾಟಕವೇ ತಾಯಿಮನೆ.

ಕಂಪನಿ ನಾಟಕದ ನಟರನ್ನು, ಅದರಲ್ಲೂ ಹೆಣ್ಣುಪಾತ್ರದವರನ್ನು, ನಾವು ಇನ್ನೂ ಹಗುರವಾಗಿ ನೋಡುತ್ತೇವೆ. ಅವರ ಅಭಿನಯ ಅತಿ, ಅವರ ಹಾಡು ಹಳತು ಎಂದು ತಳ್ಳುತ್ತೇವೆ. ಪಾಗನೀಸರ ತುಕಾರಾಮ ಆ ಮಾತಿಗೆ ಉತ್ತರ. ಜಗತ್ತಿನ ಕ್ಯಾಮೆರಾ ಮೆಚ್ಚಿದ ಮಿತ, ಶಾಂತ ಅಭಿನಯ ಬಂದದ್ದು ಆ ‘ಹಳತು’ ರಂಗದಿಂದಲೇ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಇಂದಿಗೂ ಜಾತ್ರೆಗಳಲ್ಲಿ ಬಣ್ಣ ಹಚ್ಚುವ ಹುಡುಗರಿದ್ದಾರೆ. ಅವರಿಗೆ ಈ ಹೆಸರು ತಿಳಿಯಬೇಕು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. 1936ರ ‘ಸಂತ ತುಕಾರಾಮ’ ಸಿಗದ ಚಿತ್ರವಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ನಮಗೆ ದೂರವೂ ಅಲ್ಲ. ಕನ್ನಡ ಅಡಿಬರಹ ಹಾಕಿ ಆ ಚಿತ್ರವನ್ನು ಆಷಾಢ ಏಕಾದಶಿಯ ಸುಮಾರಿಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಒಂದೊಂದು ಸಂಜೆ ತೋರಿಸಬಹುದು. ಕಾಲೇಜುಗಳ ನಾಟಕ ತಂಡಗಳು ಮೊದಲ ಎರಡು ಹಾಡುಗಳನ್ನು, ಅಂದರೆ ತುಕಾರಾಮನದು ಮತ್ತು ಸಾಲೋಮಾಲೋನದು, ಪಕ್ಕಪಕ್ಕ ಇಟ್ಟು ನೋಡಿ ಅಭಿನಯದ ಪಾಠ ಮಾಡಬಹುದು. ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ನಾಟಕ ಕಂಪನಿಗಳ ಹಸ್ತಪತ್ರಿಕೆ, ಫೋಟೋ, ಪತ್ರಗಳಿದ್ದರೆ ಅವನ್ನು ರದ್ದಿಗೆ ಹಾಕದೆ ಗ್ರಂಥಾಲಯಕ್ಕೆ ಕೊಡಿ. ಚಿಕ್ಕೋಡಿಯಲ್ಲಿ ಒಂದು ರಂಗಮಂದಿರಕ್ಕೋ, ಒಂದು ರಸ್ತೆಗೋ ವಿಷ್ಣುಪಂತ ಪಾಗನೀಸರ ಹೆಸರು ಇಡುವಂತೆ ಪುರಸಭೆಯನ್ನು ಕೇಳಿ. ಈ ಸಭೆಯಲ್ಲಿರುವ ಶಿಕ್ಷಕರು, ಕಲಾವಿದರು, ಭಜನಿ ಮಂಡಳಿಯವರು ಸೇರಿ ಈ ವರ್ಷವೇ ಅದಕ್ಕೆ ಕೈಹಾಕಬೇಕೆಂದು ಎಲ್ಲರಲ್ಲಿ ವಿನಂತಿ.